ರಸ್ತೆಗೆ ಕಾಣುವಷ್ಟು ಹಸಿರು

ಚಿಕ್ಕಬಳ್ಳಾಪುರ
3 ಡಿಸೆಂಬರ್ 1988

ರತ್ನಾ,

ಇಷ್ಟು ವರ್ಷಗಳ ಮೇಲೆ ಬರೆಯುವ ಮೊದಲ ಪತ್ರದಲ್ಲಿ ಕ್ಷೇಮ ಸಮಾಚಾರ ಕೇಳಬೇಕು. ಕೇಳಿದ್ದೇನೆ ಎಂದುಕೊ. ನಾನು ಬರೆಯುತ್ತಿರುವುದು ನಿನ್ನ ಗಂಡನ ಹೊಲದ ವಿಷಯಕ್ಕೆ.

ನಾನೀಗ ಇಲ್ಲಿನ ಕಬ್ಬು ಪ್ರಯೋಗ ಕೇಂದ್ರದಲ್ಲಿದ್ದೇನೆ. ಕೇಂದ್ರ ಎಂದರೆ ಎರಡು ಕೋಣೆ, ಒಂದು ತಕ್ಕಡಿ ಮತ್ತು ನಮ್ಮ ಮುಖ್ಯಸ್ಥರಾದ ಡಾ. ನರಸಿಂಹಪ್ಪನವರ ಕುರ್ಚಿ. ಗೌರಿಬಿದನೂರು ತಾಲ್ಲೂಕಿನ ಕಬ್ಬಿನ ಹೊಲಗಳ ಮಣ್ಣನ್ನು ಈ ವರ್ಷ ಪರೀಕ್ಷೆ ಮಾಡಿಸಿದೆ. ಎಲ್ಲಕ್ಕಿಂತ ಕೆಟ್ಟ ಮಣ್ಣು ಯಾರದು ಎಂದು ನೋಡಿದರೆ ನಿಮ್ಮ ಊರಿನ ಹೆಸರು, ಅದರ ಮುಂದೆ ವೆಂಕಟರವಣಪ್ಪ ಎಂದು ನಿನ್ನ ಗಂಡನ ಹೆಸರು. ಹಿಂದೂಪುರದ ರಸ್ತೆ ಬದಿಯ ಎರಡು ಎಕರೆ. ನನಗೆ ಆ ಎರಡು ಎಕರೆ ಬೇಕು.

ನಿಮ್ಮ ಮಣ್ಣಿನಲ್ಲಿ ಸುಣ್ಣದ ಹರಳು ತುಂಬಿದೆ. ಕಬ್ಬಿಣ ಇಲ್ಲವೆಂದಲ್ಲ, ಇದೆ. ಬೇರಿಗೆ ಸಿಗದ ಹಾಗೆ ಸುಣ್ಣ ಅದನ್ನು ಹಿಡಿದಿಟ್ಟುಕೊಂಡಿದೆ. ಆಗ ಕಬ್ಬಿನ ಎಳೆಯ ಎಲೆಯಲ್ಲಿ ನರಗಳ ನಡುವೆ ಹಳದಿ ಗೆರೆ ಮೂಡುತ್ತದೆ, ಆಮೇಲೆ ಎಲೆ ಪೂರ್ತಿ ಬಿಳಿಚಿಕೊಳ್ಳುತ್ತದೆ. ಅನ್ನಭೇದಿ ಎಂಬ ಕಬ್ಬಿಣದ ಉಪ್ಪನ್ನು ನೀರಿನಲ್ಲಿ ಕದಡಿ, ಸ್ವಲ್ಪ ನಿಂಬೆರಸ ಸೇರಿಸಿ ಸಿಂಪಡಿಸಿದರೆ ವಾರದಲ್ಲಿ ಹಸಿರಾಗುತ್ತದೆ, ಆದರೆ ಸಿಂಪಡಿಸಿದ ಎಲೆ ಮಾತ್ರ. ಅದರ ಮೇಲೆ ಬರುವ ಹೊಸ ಎಲೆ ಮತ್ತೆ ಬಿಳಿ. ಹಾಗಾಗಿ ಅದು ಔಷಧಿಯಲ್ಲ, ಅಲಂಕಾರ. ಬೇಕಾದದ್ದು ಇಂಥ ಮಣ್ಣಿನಿಂದಲೂ ತಾನೇ ಕಬ್ಬಿಣ ಎಳೆದುಕೊಳ್ಳುವ ತಳಿ. ಕೆಲವು ತಳಿಗಳಿಗೆ ಆ ಶಕ್ತಿ ಇದೆ, ಕೆಲವಕ್ಕೆ ಇಲ್ಲ. ಒಳ್ಳೆಯ ಮಣ್ಣಿನಲ್ಲಿ ನೆಟ್ಟರೆ ಇದು ಗೊತ್ತಾಗುವುದೇ ಇಲ್ಲ.

ನನ್ನ ಬಳಿ ಹನ್ನೆರಡು ತಳಿಗಳಿವೆ. ಹೆಸರಿಲ್ಲ, ನಂಬರು ಮಾತ್ರ. ನನಗೆ ಒಂಬತ್ತನೆಯದರ ಮೇಲೆ ನಂಬಿಕೆ. ನರಸಿಂಹಪ್ಪನವರಿಗೆ ನಾಲ್ಕನೆಯದರ ಮೇಲೆ, ಏಕೆಂದರೆ ಅದು ಅವರದೇ ಸೃಷ್ಟಿ. ನಿಮ್ಮ ಹೊಲದಲ್ಲಿ ಯಾವುದು ನಿಲ್ಲುತ್ತದೋ ಅದನ್ನು ಸಕ್ಕರೆ ಕಾರ್ಖಾನೆಗೆ ಕಬ್ಬು ಬೆಳೆಯುವ ರೈತರಿಗೆಲ್ಲ ಕೊಡುತ್ತಾರೆ.

ಹೊಲ ಕೆಟ್ಟದ್ದು ಎಂಬ ಮಾತನ್ನು ನಿನ್ನ ಗಂಡನಿಗೆ ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟದ್ದು. ಕಾಲೇಜಿನಲ್ಲಿ ಕೆಮಿಸ್ಟ್ರಿಯಲ್ಲಿ ನನಗಿಂತ ಮುಂದಿದ್ದವಳು ನೀನು.

ಶಮ್ಸುನ್ನೀಸಾ


ಗೌರಿಬಿದನೂರು ತಾಲ್ಲೂಕು
20 ಡಿಸೆಂಬರ್ 1988

ಶಮ್ಸು,

ಕ್ಷೇಮವೆಂದು ಉತ್ತರ ಕೊಟ್ಟಿದ್ದೇನೆ ಎಂದು ನೀನೂ ಅಂದುಕೊ.

ಪತ್ರವನ್ನು ಇವರಿಗೆ ಓದಿ ಹೇಳಿದೆ. ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡರು. "ಕೆಟ್ಟ ಮಣ್ಣಾ? ನಮ್ಮಪ್ಪ ಈ ಮಣ್ಣಲ್ಲಿ ಬೆಳ್ದು ಮೂರು ಹೆಣ್ಮಕ್ಳ ಮದುವೆ ಮಾಡ್ದ. ನಿನ್ ಫ್ರೆಂಡು ಇಂಗ್ಲಿಷಲ್ಲಿ ಓದಿರೋಳು. ಅವ್ಳಿಗೆ ಮಣ್ಣು ಅಂದ್ರೆ ಏನು ಗೊತ್ತು?" ಎಂದರು. ನಾನೂ ಇಂಗ್ಲಿಷಿನಲ್ಲೇ ಓದಿದವಳೆಂಬುದು ಅವರಿಗೆ ನೆನಪಿರಲಿಲ್ಲ.

ಆಮೇಲೆ, ಹೊಲದಲ್ಲಿ ಸರ್ಕಾರದ ಬೋರ್ಡು ಹಾಕುತ್ತಾರಂತೆ ಎಂದೆ. ನೀನು ಹಾಗೆ ಬರೆದಿರಲಿಲ್ಲ. ಹಾಕದೆ ಇರುತ್ತೀರಾ? ಮೆಲ್ಲುವುದು ನಿಂತಿತು. "ರಸ್ತೆ ಕಡೆ ಮುಖ ಮಾಡಿ ಹಾಕ್ತಾರಾ? ನನ್ ಹೆಸರು ಬರ್ಸ್ತಾರಾ?" ಬರೆಸುತ್ತಾರೆ ಎಂದೆ. "ಹಂಗಾದ್ರೆ ಬರ್ಲಿ ಬಿಡು ಆ ಮೇಡಮ್ಮ."

ಒಂದು ತಿದ್ದುಪಡಿ. ಆ ಹೊಲ ಇವರದಲ್ಲ, ನನ್ನದು. ಭೂಸುಧಾರಣೆ ಕಾಯ್ದೆ ಬಂದಾಗ ಒಬ್ಬರ ಹೆಸರಿನಲ್ಲಿ ಜಮೀನು ಹೆಚ್ಚಾಗಿ ಕಾಣಬಾರದೆಂದು ಮಾವನವರು ರಸ್ತೆಯ ಈ ಬದಿಯದನ್ನು ನನಗೆ ಬರೆಸಿದರು, ಆ ಬದಿಯದು ಇವರ ಹೆಸರಿಗೇ ಉಳಿಯಿತು. ನಿಮ್ಮ ಒಪ್ಪಂದಕ್ಕೆ ನಾನೇ ಸಹಿ ಮಾಡಬೇಕು. ಎಲ್ಲಿ ಎಂದು ತೋರಿಸು, ಮಾಡುತ್ತೇನೆ. ಈ ಮನೆಯಲ್ಲಿ ಅದೊಂದು ಕೆಲಸಕ್ಕೆ ನನ್ನನ್ನು ಮರೆಯದೆ ಕರೆಯುತ್ತಾರೆ.

ರತ್ನ


ಚಿಕ್ಕಬಳ್ಳಾಪುರ
18 ಜೂನ್ 1989

ರತ್ನಾ,

ನಿನ್ನೆ ಹೊಲಕ್ಕೆ ಬಂದಾಗ ನೀನು ಮನೆಯಲ್ಲಿರಲಿಲ್ಲ. ನಿನ್ನ ಗಂಡ ಇದ್ದರು. ಬೋರ್ಡಿನ ಪಕ್ಕ ನಿಂತುಕೊಂಡು, ಫೋಟೋ ತೆಗೆಯಲು ನಾನು ಕ್ಯಾಮೆರಾ ತಂದಿಲ್ಲವೆಂದು ತಿಳಿದ ಮೇಲೆ ಮನೆಗೆ ಹೊರಟುಹೋದರು. ನನಗೂ ಅದೇ ಅನುಕೂಲವಾಯಿತು.

ಫೆಬ್ರವರಿಯಲ್ಲಿ ನೆಟ್ಟದ್ದು ಈಗ ನಿಜ ಹೇಳತೊಡಗಿದೆ. ಒಂಬತ್ತನೆಯದು ನಿಂತಿದೆ. ಕಡು ಹಸಿರಲ್ಲ, ಆದರೆ ಸುಳಿಯವರೆಗೂ ಹಸಿರು. ಉಳಿದವು ಹೆಚ್ಚು ಕಡಿಮೆ ಹಳದಿ. ನಾಲ್ಕನೆಯದು ಮಾತ್ರ ಕಾಗದದ ಹಾಗೆ ಬಿಳಿಚಿದೆ. ಪ್ರತಿ ತಳಿಯನ್ನೂ ಮೂರು ಮೂರು ಕಡೆ ನೆಟ್ಟಿದ್ದೇವೆ. ಜಾಗವನ್ನು ಚೀಟಿ ಎತ್ತಿ ನಿರ್ಧರಿಸಿದ್ದು. ನಾಲ್ಕಕ್ಕೆ ಎರಡು ಕಡೆ ರಸ್ತೆಯ ಅಂಚೇ ಬಂದಿದೆ, ಒಂಬತ್ತು ಮೂರು ಕಡೆಯೂ ಒಳಗಿದೆ. ಹಾಗಾಗಿ ದಾರಿಹೋಕರಿಗೆ ಕಾಣುವುದು ನರಸಿಂಹಪ್ಪನವರ ಸೃಷ್ಟಿಯೇ. ಅದನ್ನು ನೋಡಿ ನನಗಾದ ಸಂತೋಷ ವಿಜ್ಞಾನಕ್ಕೆ ಸಂಬಂಧಿಸಿದ್ದಲ್ಲ. ಅವರ ಮುಖ ಹೇಗಾದೀತೆಂದು ನೆನೆದು ನಕ್ಕೆ. ಹಾಗೆ ನಗುವುದು ಸಣ್ಣತನವೇ ಎಂದು ಮಂಚೇನಹಳ್ಳಿ ಬರುವವರೆಗೂ ಬಸ್ಸಿನಲ್ಲಿ ಯೋಚಿಸಿದೆ. ಸಣ್ಣತನವೇ. ಆದರೂ ನಗು ನಿಲ್ಲಲಿಲ್ಲ.

ಒಂದು ಮಾತು ನಿನ್ನ ಗಂಡನಿಗೆ ಹೇಳು. ಹಳದಿಯಾಗುವುದು ಹಳದಿಯಾಗಲಿ, ಸಾಯುವುದು ಸಾಯಲಿ. ನೀರು ಬಿಟ್ಟರೆ ಅವಕ್ಕೆ ಗೊಬ್ಬರ, ಔಷಧಿ, ಕನಿಕರ ಏನೂ ಬೇಡ. ನೀನು ಸಹಿ ಮಾಡಿದ ಒಪ್ಪಂದದಲ್ಲೂ ಅದೇ ಇದೆ. ಫೆಬ್ರವರಿಯಲ್ಲಿ ಕಟಾವಾಗುವವರೆಗೆ ಆ ಹೊಲ ಇದ್ದಂತೆ ಇದ್ದರೆ ಸಾಕು, ಒಂಬತ್ತು ಗೆಲ್ಲುತ್ತದೆ. ಈ ಹನ್ನೊಂದು ವರ್ಷಗಳ ನೌಕರಿಯಲ್ಲಿ ನನ್ನದು ಎನ್ನುವಂಥದ್ದು ಅದೊಂದೇ.

ಶಮ್ಸು


ಗೌರಿಬಿದನೂರು ತಾಲ್ಲೂಕು
29 ಆಗಸ್ಟ್ 1989

ಶಮ್ಸು,

ಹಿಂದೂಪುರದ ಬಸ್ಸು ನಿಲ್ಲುವುದು ಸರಿಯಾಗಿ ನಿಮ್ಮ ನಾಲ್ಕನೆಯದರ ಮುಂದೆ. ಮೊನ್ನೆ ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏಮನ್ನಾ, ಚೆರುಕುಕಿ ಸುನ್ನಂ ಕೊಟ್ಟಿಂಚಿನಾವಾ?" ಎಂದ. ಕಬ್ಬಿಗೆ ಸುಣ್ಣ ಬಳಿಸಿದ್ದೀಯಾ ಅಂತ. ಬಸ್ಸು ಪೂರ್ತಿ ನಕ್ಕಿತು. ಇವರು ಅಂದಿನಿಂದ ರಸ್ತೆ ಕಡೆ ಹೋಗಿಲ್ಲ. ಅವರ ಹೆಸರಿರುವ ಬೋರ್ಡಿಗೆ ಆವುಲಪ್ಪನ ಕೈಲಿ ಗೋಣಿಚೀಲ ಹೊದಿಸಿದ್ದಾರೆ. ಆವುಲಪ್ಪ ನಮ್ಮ ಹೊಲದ ಆಳು. ಅವನು ಇಡೀ ಊರಿಗೆ ಹೇಳಿಕೊಂಡು ನಕ್ಕಿದ್ದಾನೆ.

ನಗುವ ವಿಷಯ ಅಲ್ಲಿಗೆ ಮುಗಿಯಿತು. ನಮ್ಮ ಮಗಳು ವರಲಕ್ಷ್ಮಿಯನ್ನು ನೋಡಲು ಮುಂದಿನ ತಿಂಗಳು ಗಂಡಿನ ಕಡೆಯವರು ಬರುತ್ತಿದ್ದಾರೆ. ಚಿಂತಾಮಣಿ ಕಡೆ ಅಂಬಾಜಿದುರ್ಗದ ಕೆಳಗಿನ ಊರಿನವರು, ದ್ರಾಕ್ಷಿ ತೋಟದವರು. ಅವರು ಇಳಿಯುವುದೂ ಅದೇ ಬಸ್ಸಿನಿಂದ. ಈ ಜನ ಹೆಣ್ಣನ್ನು ನೋಡುವ ಮೊದಲು ಬೆಳೆ ನೋಡುತ್ತಾರೆ. ಪೈರು ಬಿಳಿಚಿದ್ದರೆ ಮನೆಗೆ ಏನೋ ದೋಷವಿದೆ ಎನ್ನುತ್ತಾರೆ, ಹುಡುಗಿಗೂ ರಕ್ತ ಕಮ್ಮಿಯೇನೋ ಎಂದು ಕೇಳುತ್ತಾರೆ. ಹಿಂದೆ ಒಂದು ಸಂಬಂಧ ಇದಕ್ಕಿಂತ ಸಣ್ಣ ಕಾರಣಕ್ಕೆ ತಪ್ಪಿದೆ.

ರಸ್ತೆಯ ಅಂಚಿನ ಸಾಲುಗಳನ್ನು ಕಿತ್ತುಬಿಡಲು ಬರುವುದಿಲ್ಲವೇ? ಒಳಗೆ ಇನ್ನೊಂದು ಕಡೆ ನಾಲ್ಕು ಇದ್ದೇ ಇದೆಯಲ್ಲ.

ರತ್ನ


ಚಿಕ್ಕಬಳ್ಳಾಪುರ
2 ಸೆಪ್ಟೆಂಬರ್ 1989

ರತ್ನಾ,

ಬರುವುದಿಲ್ಲ. ಒಂದೇ ಕಡೆಯ ಫಲವನ್ನು ನಂಬಲಾಗದು ಎಂದೇ ಮೂರು ಕಡೆ ನೆಡುವುದು. ನಿನಗೆ ವಿವರಿಸಬೇಕಾಗಿ ಬಂದಿತಲ್ಲ ಎಂದು ಬೇಸರವಾಗುತ್ತದೆ.

ಎಲೆಯ ಬಣ್ಣ ನೋಡಿ ಹೆಣ್ಣಿನ ರಕ್ತ ಅಳೆಯುವ ಮನೆಗೆ ಮಗಳನ್ನು ಏಕೆ ಕೊಡುತ್ತೀಯ?

ಶಮ್ಸು


ಚಿಕ್ಕಬಳ್ಳಾಪುರ
9 ಅಕ್ಟೋಬರ್ 1989

ರತ್ನಾ,

ಮೊನ್ನೆ ನರಸಿಂಹಪ್ಪನವರ ಜೊತೆ ಹೊಲಕ್ಕೆ ಬಂದಿದ್ದೆ. ನೀನು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಏಕೆಂದು ಹೊಲಕ್ಕೆ ಕಾಲಿಟ್ಟ ಮೇಲೆ ಗೊತ್ತಾಯಿತು.

ರಸ್ತೆಯಲ್ಲಿ ನಿಂತವನ ಕಣ್ಣಿಗೆ ಎಷ್ಟು ದೂರ ಕಾಣುತ್ತದೋ ಅಷ್ಟು ದೂರ ಹಸಿರು. ಅದರಾಚೆ ಗೆರೆ ಎಳೆದ ಹಾಗೆ ಬಿಳಿ. ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು. ಅನ್ನಭೇದಿ ಅಳತೆ ಮೀರಿದರೆ ಎಲೆ ಹಾಗೆ ಸುಡುತ್ತದೆ. ಒಂದು ಸಲ ಹೊಡೆಸಿದ್ದರೆ ಸುಳಿ ಮತ್ತೆ ಬಿಳಿಯಾಗಿರಬೇಕಿತ್ತು. ಸುಳಿಯೂ ಹಸಿರು. ಅಂದರೆ ಬಿಡದೆ ಹೊಡೆಸಿದ್ದಾರೆ. ಬೋರ್ಡಿನ ಗೋಣಿಚೀಲ ತೆಗೆದಿದ್ದಾರೆ.

ನರಸಿಂಹಪ್ಪನವರು ನಾಲ್ಕರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಚುಕ್ಕೆ ತೋರಿಸಿದೆ.

"ಯಾವ್ದೋ ರೋಗ ಇರ್ಬೇಕು ಮೇಡಂ."

"ಆ ಗೆರೆ ನೋಡಿ ಸರ್."

"ರಸ್ತೆ ಕಡೆ ಮಣ್ಣು ಚೆನ್ನಾಗಿರ್ಬೋದು. ಹಸಿರಾಗಿರೋದನ್ನ ಹಸಿರು ಅಂತ ಬರ್ಕೊಳ್ಳೋಕೆ ನಿಮಗೇನು ಕಷ್ಟ?"

ಪಕ್ಕದಲ್ಲಿದ್ದ ನಿನ್ನ ಗಂಡ, "ನೀರು ಬಿಟ್ರೆ ಬೇರೆ ಏನೂ ಕೊಟ್ಟಿಲ್ಲ ಸಾರ್, ಮೇಡಮ್ಮನೋರೇ ಬೇಡ ಅಂದಿದ್ರು" ಎಂದರು. ನನ್ನ ಕಣ್ಣನ್ನೇ ನೋಡಿಕೊಂಡು ಹೇಳಿದರು. ಇಷ್ಟು ನಿರಾಯಾಸವಾಗಿ ಸುಳ್ಳು ಹೇಳುವವರನ್ನು ನಾನು ನಮ್ಮ ಆಫೀಸಿನಲ್ಲಿ ಮಾತ್ರ ನೋಡಿದ್ದೆ.

ವಾಪಸು ಬರುವಾಗ ಜೀಪಿನಲ್ಲಿ ಮತ್ತೆ ಕೇಳಿದೆ. "ಹೊಲದ ಮಾಲೀಕ್ರು ಸಿಂಪಡಿಸಿದ್ದೀವಿ ಅಂತ ಬರ್ದು ಸೈನ್ ಮಾಡಿ ಕೊಡ್ಲಿ, ಆವಾಗ ನೋಡೋಣ" ಎಂದರು. ಯಾವ ರೈತನೂ ಹಾಗೆ ಬರೆದುಕೊಡುವುದಿಲ್ಲವೆಂದು ಅವರಿಗೆ ಗೊತ್ತು. ಮಾಲೀಕರು ಯಾರೆಂದು ಅವರಿಗೆ ಗೊತ್ತಿಲ್ಲ.

ಮಾಲೀಕಳು ನೀನು. ಒಂದೆರಡು ಸಾಲು ಬರೆ. ಇಲ್ಲವಾದರೆ ನಾಲ್ಕು ಗೆಲ್ಲುತ್ತದೆ, ನಿಮ್ಮಂಥ ಮಣ್ಣಿರುವ ಎಲ್ಲರೂ ಅದನ್ನು ನೆಡುತ್ತಾರೆ.

ಶಮ್ಸುನ್ನೀಸಾ


ಗೌರಿಬಿದನೂರು ತಾಲ್ಲೂಕು
20 ಅಕ್ಟೋಬರ್ 1989

ಶಮ್ಸುನ್ನೀಸಾ,

ನನಗೆ ಏನೂ ಗೊತ್ತಿಲ್ಲ.

ವರಲಕ್ಷ್ಮಿಯ ಸಂಬಂಧ ಕುದುರಿದೆ. ಕಾರ್ತೀಕದಲ್ಲಿ ಲಗ್ನ. ಈಗ ನಾನು ಸಹಿ ಮಾಡಿ ಬರೆದ ಕಾಗದ ನಿಮ್ಮ ಆಫೀಸಿನಿಂದ ಚಿಂತಾಮಣಿಯ ಸಂತೆಗೆ ಎಷ್ಟು ದಿನದಲ್ಲಿ ತಲುಪುತ್ತದೆ ಎಂಬುದನ್ನು ನಿನ್ನ ತಕ್ಕಡಿಯಲ್ಲಿ ತೂಗಿ ನೋಡು. ನಿನಗೆ ಹನ್ನೆರಡು ತಳಿಗಳಿವೆ. ನನಗೆ ಮಗಳು ಒಬ್ಬಳೇ.

ನನ್ನ ಗಂಡನ ಬಗ್ಗೆ ನಿನಗಿರುವ ತಿರಸ್ಕಾರಕ್ಕೆ ನನ್ನ ಆಕ್ಷೇಪಣೆ ಇಲ್ಲ. ನಿನಗಿಂತ ಹೆಚ್ಚು ಕಾಲದಿಂದ ನನಗೂ ಅದು ಇದೆ. ಆದರೆ ಅದನ್ನು ಕಾಗದಕ್ಕೆ ಇಳಿಸಿ ನರಸಿಂಹಪ್ಪನಂಥವರ ಕೈಗೆ ಕೊಡು ಎನ್ನುತ್ತೀಯಲ್ಲ, ಅದು ಅವರಿಗೇಕೆ ಸಿಗಬೇಕು?

ವೆಂಕಟರತ್ನಮ್ಮ


ಚಿಕ್ಕಬಳ್ಳಾಪುರ
25 ಫೆಬ್ರವರಿ 1990

ರತ್ನಾ,

ಕಟಾವು ಮುಗಿಯಿತು. ತೂಕದಲ್ಲಿ ನಾಲ್ಕು ಮೊದಲು, ಒಂಬತ್ತು ಎರಡನೆಯದು. ಸಿಂಪಡಿಸದ ಜಾಗದಲ್ಲಿದ್ದ ನಾಲ್ಕನೆಯದು ಕೈಬೆರಳಿನ ದಪ್ಪವೂ ಬಂದಿರಲಿಲ್ಲ. ಅದನ್ನು ನರಸಿಂಹಪ್ಪನವರು "ಇಲಿ ಕಾಟ" ಎಂದು ಬರೆಸಿದರು. ಶಿಫಾರಸು ಮಾಡುವ ಸಮಿತಿ ಏಪ್ರಿಲ್ ಕೊನೆಯಲ್ಲಿ ಸೇರುತ್ತದೆ. ಅಷ್ಟು ದಿನ ಕಾಯುವ ತಾಳ್ಮೆ ಅವರಿಗಿಲ್ಲ. ನಾಲ್ಕರ ಬಿತ್ತನೆ ಕಬ್ಬನ್ನು ಈಗಾಗಲೇ ಹಂಚುತ್ತಿದ್ದಾರೆ. ಮೊದಲ ಗಾಡಿ ತುಂಬಿಸಿಕೊಂಡು ಹೋದವರು ನಿನ್ನ ಗಂಡ. ಅದನ್ನು ಅವರು ಹಸುಗಳಿಗೆ ಹಾಕುತ್ತಾರೆಂದು ಭಾವಿಸುತ್ತೇನೆ. ಅದರ ಯೋಗ್ಯತೆ ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಇಷ್ಟು ದಿನ ಯೋಚಿಸಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅನ್ನಭೇದಿ, ನಿಂಬೆರಸ ಎಂದು ನಿನಗೆ ಪಾಠ ಬರೆದವಳು ನಾನೇ. ನಿನ್ನ ಗಂಡನಿಗೆ ಅದು ತಾನಾಗಿ ಹೊಳೆಯುವುದಿಲ್ಲ. ಅವರಿಗೆ ಅದನ್ನು ಯಾರು ಹೇಳಿದರು ಎಂದು ಕೇಳುವುದಿಲ್ಲ. ಉತ್ತರ ಗೊತ್ತಾದರೆ ಮುಂದೆ ನಿನಗೆ ಬರೆಯಲು ಆಗುವುದಿಲ್ಲ.

ಶಮ್ಸು


ಗೌರಿಬಿದನೂರು ತಾಲ್ಲೂಕು
2 ಏಪ್ರಿಲ್ 1990

ಶಮ್ಸು,

ನಾನೇ ಹೇಳಿದೆ. ಇನ್ನು ಬರೆಯುವುದು ಬಿಡುವುದು ನಿನ್ನಿಷ್ಟ.

ಮದುವೆಯಾದ ಮೇಲೆ ಮೊದಲ ಯುಗಾದಿಗೆ ಮಗಳು ಅಳಿಯ ಬಂದಿದ್ದರು. ಜೊತೆಗೆ ಬೀಗಿತ್ತಿ ಅಶ್ವತ್ಥಮ್ಮನವರೂ ಬಂದರು. ನಾನು ಒಬ್ಬಟ್ಟು ತಟ್ಟುತ್ತಿದ್ದೆ, ಅವರು ಬೇಯಿಸುತ್ತಿದ್ದರು.

"ಅಲ್ಲ ಬೀಗಿತ್ತಿ, ಹೆಣ್ಣು ನೋಡೋಕೆ ಬಂದಾಗ ಕಬ್ಬಿಗೆ ಅನ್ನಭೇದಿ ಹೊಡ್ಸಿದ್ರಲ್ಲ, ಯಾರ ಕೈಲಿ ಹೊಡ್ಸಿದ್ರಿ? ಎಲೆಯೆಲ್ಲ ಸುಟ್ಟೋಗಿತ್ತು. ನಾವು ದ್ರಾಕ್ಷಿಗೆ ಇನ್ನೂ ತೆಳ್ಳಗೆ ಹೊಡೀತೀವಿ."

ನನ್ನ ಕೈ ನಿಂತಿತು. "ನಿಮಗೆ ಗೊತ್ತಾಗಿತ್ತಾ?"

"ಬಸ್ ಇಳಿಯೋವಾಗ್ಲೇ ಗೊತ್ತಾಯ್ತು. ನಮ್ಮೆಜಮಾನ್ರು ಏನಂದ್ರು ಅಂತೀರಾ? ಕಬ್ಬಿಗೇ ಇಷ್ಟು ಬಣ್ಣ ಬಳಿಯೋರು ಹುಡುಗೀನ ಒಡವೆ ಇಲ್ದೆ ಬರೀ ಕತ್ತಲ್ಲಿ ಕಳಿಸ್ತಾರಾ, ಒಪ್ಕೊಂಡ್ಬಿಡು ಅಂದ್ರು." ನಕ್ಕು ಒಬ್ಬಟ್ಟು ಮಗುಚಿ ಹಾಕಿದರು. "ತಟ್ಟಿ, ಹಂಚು ಕಾಯ್ತಾ ಐತೆ."

ಯಾರಿಗೆ ತಿಳಿಯಬಾರದೆಂದು ಹೆದರಿ ನಾನು ನಿನಗೆ ಹಾಗೆ ಬರೆದೆನೋ ಅವರಿಗೆ ಅದು ಮೊದಲ ದಿನವೇ ತಿಳಿದಿತ್ತು. ತಿಳಿದು, ಅದನ್ನೇ ಒಂದು ಯೋಗ್ಯತೆಯೆಂದು ಲೆಕ್ಕ ಹಿಡಿದರು. ಇಂಥವರಿಗಾಗಿ ನಿನ್ನ ಹೊಲ ಹಾಳು ಮಾಡಿದೆ. ಮಗಳನ್ನೂ ಅವರಿಗೇ ಕೊಟ್ಟೆ. ಏಕೆ ಕೊಡುತ್ತೀಯ ಎಂದು ನೀನು ಸೆಪ್ಟೆಂಬರಿನಲ್ಲೇ ಕೇಳಿದ್ದೆ.

ನೀನು ಕೇಳಿದ ಕಾಗದ ಇದರ ಜೊತೆಗಿದೆ. ನಿಮ್ಮ ಕೇಂದ್ರಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಇನ್ನೊಂದು ಪ್ರತಿ ಕಳಿಸಿದ್ದೇನೆ. ಕಳೆದುಹೋಯಿತು ಎನ್ನಲು ಆಗಬಾರದು.

ರತ್ನ


ಮುಖ್ಯಸ್ಥರು, ಕಬ್ಬು ಪ್ರಯೋಗ ಕೇಂದ್ರ, ಚಿಕ್ಕಬಳ್ಳಾಪುರ ಇವರಿಗೆ.

ನನ್ನ ಹೆಸರಿನಲ್ಲಿರುವ ಹೊಲದಲ್ಲಿ ನಡೆದ ಪ್ರಯೋಗದ ವೇಳೆ, ಕಳೆದ ಸೆಪ್ಟೆಂಬರಿನಿಂದ ನಮ್ಮ ಮಗಳ ಮದುವೆ ಮುಗಿಯುವವರೆಗೆ, ರಸ್ತೆಯ ಕಡೆಯ ಕಬ್ಬಿಗೆ ಅನ್ನಭೇದಿಯನ್ನು ಹಲವು ಬಾರಿ ಸಿಂಪಡಿಸಲಾಗಿದೆ. ಹೊಡೆಸಿದವರು ನನ್ನ ಗಂಡ. ಗ್ರಂಥಿಗೆ ಅಂಗಡಿಯಿಂದ ತರಿಸಿ, ಕದಡಿ ಕೊಟ್ಟವಳು ನಾನು. ಸಿಂಪಡಿಸಬಾರದೆಂಬ ಷರತ್ತು ನಮಗೆ ತಿಳಿದಿತ್ತು. ಆ ಕಡೆ ಕಂಡ ಹಸಿರು ನಿಮ್ಮ ತಳಿಯದಲ್ಲ.

ನನ್ನ ಗಂಡ ಇದಕ್ಕೆ ಸಹಿ ಮಾಡುವುದಿಲ್ಲ. ಹೊಲ ನನ್ನದಾದ್ದರಿಂದ ಅದರ ಅಗತ್ಯವೂ ಇಲ್ಲ.

ವೆಂಕಟರತ್ನಮ್ಮ


ಚಿಕ್ಕಬಳ್ಳಾಪುರ
10 ಮೇ 1990

ರತ್ನಾ,

ಸಮಿತಿಯಲ್ಲಿ ನಿನ್ನ ಕಾಗದವನ್ನು ನಾನೇ ಓದಿದೆ. ಮುಗಿದ ಮೇಲೆ ನರಸಿಂಹಪ್ಪನವರು, "ಈಯಮ್ಮ ಯಾರು?" ಎಂದರು. ಹೊಲದ ಮಾಲೀಕರು ಎಂದೆ. ಒಪ್ಪಂದದಲ್ಲಿದ್ದ ಸಹಿಯನ್ನು ತಮ್ಮ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ನಾಲ್ಕು ಬಿದ್ದುಹೋಯಿತು.

ಒಂಬತ್ತೂ ಬಿತ್ತು. ಕೈ ಆಡಿಸಿದ ಹೊಲದ ಅರ್ಧ ಲೆಕ್ಕವನ್ನು ಇಟ್ಟುಕೊಂಡು ಅರ್ಧ ಬಿಡಲಾಗದು ಎಂದು ಸಮಿತಿ ಇಡೀ ಪ್ರಯೋಗವನ್ನು ತಳ್ಳಿಹಾಕಿತು. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ನಿನ್ನಿಂದ ಕಾಗದ ಕೇಳುವಾಗ ಇದು ನನಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು ಎಂದು ಕಾಣುತ್ತದೆ. ನಾನು ಒಂಬತ್ತಕ್ಕಾಗಿ ನಿಜ ಬೇಕೆಂದೆನೇ, ನಾಲ್ಕು ಸೋಲಲೆಂದು ನಿಜ ಬೇಕೆಂದೆನೇ, ಈಗ ಬೇರ್ಪಡಿಸಿ ಹೇಳಲಾರೆ.

ಒಂಬತ್ತರ ಬಿತ್ತನೆಯನ್ನು ಕೇಂದ್ರದ ಹಿತ್ತಲಲ್ಲಿ ಸ್ವಲ್ಪ ಉಳಿಸಿಕೊಂಡಿದ್ದೇನೆ. ಅಂಥದೇ ಮಣ್ಣಿನಲ್ಲಿ ಮತ್ತೆ ಮೊದಲಿನಿಂದ ನೆಡಬೇಕು. ಮಳೆಗಾಲದೊಳಗೆ ಹೊಲ ಸಿಗದಿದ್ದರೆ ಅದನ್ನು ಕಿತ್ತು ಹಿಪ್ಪುನೇರಳೆ ಹಾಕಿಸುತ್ತಾರಂತೆ. ಶಿಡ್ಲಘಟ್ಟದವರು ಸಸಿ ಕೇಳುತ್ತಿದ್ದಾರೆ, ಅದಕ್ಕೆ ಬೇಡಿಕೆ ಇದೆ.

ನಿನ್ನನ್ನು ಕೇಳುತ್ತಿಲ್ಲ.

ಶಮ್ಸು


ಗೌರಿಬಿದನೂರು ತಾಲ್ಲೂಕು
16 ಜುಲೈ 1990

ಶಮ್ಸು,

ಕೇಳದಿದ್ದರೂ ಹೇಳುತ್ತಿದ್ದೇನೆ. ರಸ್ತೆಯ ಈ ಬದಿಯ ಎರಡು ಎಕರೆಯನ್ನು ಉಳುಮೆ ಮಾಡಿಸಿದ್ದೇನೆ. ಇವರು ಕೇಳಿದರು, "ಯಾರನ್ನ ಕೇಳಿ ಉಳ್ಮೆ ಮಾಡಿಸ್ದೆ?" ನನ್ನ ಹೆಸರಿರುವ ಪಹಣಿ ತೆಗೆದು ಮುಂದಿಟ್ಟೆ. ಅಷ್ಟು ವರ್ಷಗಳಲ್ಲಿ ಅವರು ಅದನ್ನು ಓದಿದ್ದು ಅದೇ ಮೊದಲು. ನಾಲ್ಕು ದಿನ ಮಾತು ಬಿಟ್ಟರು. ಮನೆ ನಿಶ್ಶಬ್ದವಾಗಿತ್ತು, ಚೆನ್ನಾಗಿತ್ತು.

ನಿಮ್ಮ ಕೇಂದ್ರದಿಂದ ತಂದ ಆ ಗಾಡಿ ಕಬ್ಬನ್ನು ಹಸುಗಳಿಗೆ ಹಾಕುತ್ತಾರೆಂದು ನೀನು ಬರೆದಿದ್ದೆ. ನಾನೂ ಹಾಗೆಯೇ ತಿಳಿದಿದ್ದೆ. ಇವರು ಅದನ್ನು ರಸ್ತೆಯ ಆ ಬದಿಯಲ್ಲಿ, ತಮ್ಮ ಹೆಸರಿನ ಹೊಲದ ಉದ್ದಗಲಕ್ಕೆ ನೆಟ್ಟಿದ್ದಾರೆ. ಅಲ್ಲಿಯೂ ಇದೇ ಸುಣ್ಣದ ಹರಳು. ಮೊದಮೊದಲು ಊರಿನ ಮುಂದೆ ಮುಖ ಉಳಿಸಿಕೊಳ್ಳಲು ನಾಟಕವಾಡುತ್ತಿದ್ದಾರೆ ಅಂದುಕೊಂಡೆ. ನಾಟಕವಲ್ಲ. ನನ್ನ ಕಾಗದದ ವಿಷಯ ತಿಳಿದು ಅವರಿಗೆ ಆಶ್ಚರ್ಯವಾಯಿತಂತೆ. ಹೊಡೆಸಿದ್ದು ನಿಜ, ಆದರೆ ಹೊಡೆಸದಿದ್ದರೂ ಅದು ಹಸಿರಾಗುತ್ತಿತ್ತು ಎಂಬುದು ಈಗ ಅವರ ವಾದ. ನರಸಿಂಹಪ್ಪನವರ ಜೊತೆ ನಿಂತ ಫೋಟೋ ಪಡಸಾಲೆಯಲ್ಲಿ ನೇತುಹಾಕಿದ್ದಾರೆ. ಅದರಲ್ಲಿ ಹಸಿರಾಗಿದೆಯಲ್ಲ.

ಈ ವಾರ ಎಳೆಯ ಎಲೆಗಳಲ್ಲಿ ಹಳದಿ ಗೆರೆ ಕಾಣಿಸಿಕೊಂಡಿದೆ. ನಿನ್ನೆ ಆವುಲಪ್ಪ ಕೈಪಂಪು ಹೆಗಲಿಗೆ ಏರಿಸಿಕೊಂಡು ಬಂದು, "ಸ್ವಾಮಿ, ಆವತ್ತು ಹೊಡೆದ್ವಲ್ಲ, ಅದ್ನೇ ಒಂದ್ಸಲ ಹೊಡೆಯಣಾ?" ಎಂದು ಕೇಳಿದ.

ಇವರಿಗೆ ನಿಜವಾಗಿಯೂ ಸಿಟ್ಟು ಬಂತು. "ಲೇ, ಇದಕ್ಕೆ ಏನೂ ಹೊಡೆಯೋದು ಬೇಡ ಕಣೋ. ಇದು ನಮ್ ಹೊಲ್ದಲ್ಲೇ ಪರೀಕ್ಷೆ ಆಗಿ ಗೆದ್ದಿರೋ ತಳಿ."

ಆವುಲಪ್ಪ ನನ್ನ ಮುಖ ನೋಡಿದ. ಅವನು ಪಂಪನ್ನು ಇಳಿಸಿ ಮರದ ಕೆಳಗೆ ಇಟ್ಟ.

ಒಂಬತ್ತನ್ನು ಯಾವತ್ತು ತರುತ್ತೀಯೆಂದು ಬರೆ. ಮಣ್ಣು ಹದವಾಗಿದೆ.

ರತ್ನ